ಅಪಘಾತದ ದೂರಿನಲ್ಲಿ ನನ್ನ ಹೆಸರಿದೆ, ತಪ್ಪು ನನ್ನದಲ್ಲ. ಠಾಣೆಯಲ್ಲಿ ಏನು ಹೇಳಬೇಕು, ಇನ್ಶೂರೆನ್ಸ್‌ನವರಿಗೆ ಏನು ಬರೆದುಕೊಡಬೇಕು?

ನೀವು ಕೇಳಿರುವುದನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಕಾರಿನಲ್ಲಿ ನೇರ ಹೋಗುತ್ತಿದ್ದಿರಿ, ಎಡಗಡೆಯ ಅಡ್ಡರಸ್ತೆಯಿಂದ ನುಗ್ಗಿದ ಬೈಕು ನಿಮ್ಮ ಎಡಬಾಗಿಲಿಗೆ ಬಡಿಯಿತು, ಸವಾರನ ಕಾಲು ಮುರಿದಿದೆ. ಅವರ ಮನೆಯವರು ನಿಮ್ಮ ಮೇಲೆ ದೂರು ಕೊಟ್ಟಿದ್ದಾರೆ. ಠಾಣೆಯಿಂದ ಫೋನ್ ಬಂದಿದೆ, ವಿಮಾ ಕಂಪನಿ ಕ್ಲೇಮ್ ಫಾರಂ ಕಳಿಸಿದೆ. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದವರೊಬ್ಬರು ಎಲ್ಲ ನೋಡಿದ್ದಾರೆ, ಆದರೆ ಕೋರ್ಟಿಗೆ ಅಲೆಯಬೇಕಾದೀತೆಂದು ಹಿಂಜರಿಯುತ್ತಿದ್ದಾರೆ.

ಇಂಥ ಕೇಸಿನ ಹಣೆಬರಹ ಮೊದಲ ಕೆಲವು ದಿನಗಳಲ್ಲಿ ಹುಟ್ಟುವ ಕಾಗದಗಳ ಮೇಲೆ ನಿಂತಿರುತ್ತದೆ: ದೂರು, ಸ್ಥಳ ಮಹಜರು ಮತ್ತು ನಕ್ಷೆ, ಆಸ್ಪತ್ರೆಯ ಎಂಎಲ್‌ಸಿ (ಗಾಯಾಳುವನ್ನು ಸೇರಿಸುವಾಗ ಬರೆಯುವ ದಾಖಲೆ), ಮೋಟಾರು ವಾಹನ ನಿರೀಕ್ಷಕರ ವರದಿ, ನಿಮ್ಮದೇ ಕ್ಲೇಮ್ ಫಾರಂ. ಎರಡು ವರ್ಷದ ನಂತರ ವಕೀಲರು ಎಷ್ಟೇ ಚೆನ್ನಾಗಿ ವಾದಿಸಿದರೂ ಈ ಕಾಗದಗಳಲ್ಲಿ ಇಲ್ಲದ್ದನ್ನು ಹುಟ್ಟಿಸುವುದು ಬಹಳ ಕಷ್ಟ. ಹಾಗಾಗಿ ಈಗ ನಿಮ್ಮ ಕೆಲಸ ಒಂದೇ, ನಡೆದದ್ದು ಇವುಗಳಲ್ಲಿ ಇದ್ದ ಹಾಗೆ ದಾಖಲಾಗುವಂತೆ ನೋಡಿಕೊಳ್ಳುವುದು.

ಮೊದಲು ಎಫ್‌ಐಆರ್ ತೆಗೆದುಕೊಂಡು ಓದಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ, ಅಲ್ಲಿಂದಲೇ ಇಳಿಸಿಕೊಳ್ಳಬಹುದು. ಅದರಲ್ಲಿ ‘ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಚಲಾಯಿಸಿಕೊಂಡು ಬಂದು’ ಎಂಬ ಸಾಲು ಇದ್ದೇ ಇರುತ್ತದೆ. ಅದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಕಲಂ ಹಾಕಲು ಬೇಕಾದ ಮಾತದು, ಹೆಚ್ಚುಕಡಿಮೆ ಎಲ್ಲ ಅಪಘಾತದ ದೂರಿನಲ್ಲೂ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ಮೂರು: ದೂರು ಕೊಟ್ಟವರು ಸ್ಥಳದಲ್ಲಿ ಇದ್ದರೇ, ಅಪಘಾತದ ಸಮಯಕ್ಕೂ ದೂರಿನ ಸಮಯಕ್ಕೂ ಅಂತರ ಎಷ್ಟು, ಯಾವ ವಾಹನ ಯಾವ ದಿಕ್ಕಿನಿಂದ ಬಂತೆಂದು ಬರೆದಿದ್ದಾರೆ.

ಮೂಳೆ ಮುರಿದಿರುವುದರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 281ರ ಜೊತೆಗೆ 125(ಬಿ) ಬಿದ್ದಿರುತ್ತದೆ. ಹಳೆಯ ಐಪಿಸಿಯ 279 ಮತ್ತು 338 ಇವೇ. ಮೊದಲನೆಯದಕ್ಕೆ 6 ತಿಂಗಳವರೆಗೆ, ಎರಡನೆಯದಕ್ಕೆ 3 ವರ್ಷದವರೆಗೆ ಶಿಕ್ಷೆ ಇದೆ. ಎರಡೂ ಜಾಮೀನು ಸಿಗುವ ಅಪರಾಧಗಳು, ಬಾಂಡ್ ಬರೆದುಕೊಟ್ಟರೆ ಠಾಣೆಯಲ್ಲೇ ಬಿಡಬೇಕು, ಅದು ನಿಮ್ಮ ಹಕ್ಕು. ಠಾಣೆಗೆ ಹೋಗುವಾಗ ಜೊತೆಗೆ ಶ್ಯೂರಿಟಿ ನಿಲ್ಲುವ ಒಬ್ಬರನ್ನು ಕರೆದುಕೊಂಡು ಹೋಗಿ. ಇಬ್ಬರ ಗುರುತಿನ ಚೀಟಿ, ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಎಲ್ಲದರ ಎರಡೆರಡು ಜೆರಾಕ್ಸ್ ಇರಲಿ. ಅಪಘಾತವಾದ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ ಕಲಂ 134ರ ಪ್ರಕಾರ ಚಾಲಕನ ಕರ್ತವ್ಯ. ಇನ್ನೂ ತಿಳಿಸಿಲ್ಲವಾದರೆ ಇವತ್ತೇ ಹೋಗಿ. ಜನ ಸೇರಿ ಹೊಡೆಯಲು ಬಂದರೆಂದು ಸ್ಥಳ ಬಿಟ್ಟಿದ್ದರೆ ಕಾನೂನು ಅದನ್ನು ಒಪ್ಪುತ್ತದೆ, ಆದರೆ ಬಿಟ್ಟವರು ನೇರ ಠಾಣೆಗೆ ಹೋಗಿರಬೇಕು ಅಥವಾ 112ಕ್ಕೆ ಕರೆ ಮಾಡಿರಬೇಕು. ಫೋನಿನ ಕರೆ ಪಟ್ಟಿಯ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ.

ಠಾಣೆಯಲ್ಲಿ ಕೈಗೆ ಬರುವ ಮೊದಲ ಕಾಗದ ಬಹುಶಃ ಮೋಟಾರು ವಾಹನ ಕಾಯ್ದೆಯ ಕಲಂ 133ರ ನೋಟಿಸ್. ಗಾಡಿ ಯಾರು ಓಡಿಸುತ್ತಿದ್ದರು, ಅವರ ಲೈಸೆನ್ಸ್ ಏನು ಎಂದು ಮಾಲೀಕರನ್ನು ಕೇಳುವ ನೋಟಿಸ್ ಅದು. ಇದಕ್ಕೆ ಉತ್ತರ ಕೊಡಲೇಬೇಕು. ಇಲ್ಲಿ ಜನ ಮಾಡುವ ದೊಡ್ಡ ತಪ್ಪೊಂದಿದೆ: ಓಡಿಸಿದವರ ಲೈಸೆನ್ಸ್ ಮುಗಿದಿದೆಯೆಂದು ಮನೆಯಲ್ಲಿ ಇನ್ನೊಬ್ಬರ ಹೆಸರು ಕೊಡುವುದು. ದಯವಿಟ್ಟು ಮಾಡಬೇಡಿ. ಟೋಲ್ ಕ್ಯಾಮೆರಾ, ಮೊಬೈಲ್ ಲೊಕೇಶನ್, ಆಸ್ಪತ್ರೆಯಲ್ಲಿ ಸಹಿ ಹಾಕಿದವರ ಹೆಸರು, ಇಷ್ಟರಲ್ಲಿ ಒಂದು ತಾಳೆಯಾಗದಿದ್ದರೂ ಕ್ಲೇಮ್ ಹೋಗುತ್ತದೆ, ಮೇಲೆ ಸುಳ್ಳು ಮಾಹಿತಿಯ ಕೇಸು ಬೀಳುತ್ತದೆ.

ಚಾಲಕ ಯಾರೆಂದು ಹೇಳುವುದು ಬೇರೆ, ತಪ್ಪು ಯಾರದೆಂದು ಹೇಳುವುದು ಬೇರೆ. ಸಂವಿಧಾನದ 20(3)ನೇ ವಿಧಿ ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕೆಂಬ ಒತ್ತಾಯದಿಂದ ಕಾಪಾಡುತ್ತದೆ. ತನಿಖಾಧಿಕಾರಿ ವಿಚಾರಣೆ ಮಾಡಿ ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ ಎಂದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 181 ಹೇಳುತ್ತದೆ. ಖಾಲಿ ಹಾಳೆಗಾಗಲಿ, ಓದದ ಹಾಳೆಗಾಗಲಿ ಸಹಿ ಮಾಡಬೇಡಿ. ಜಗಳಕ್ಕೂ ನಿಲ್ಲಬೇಡಿ. ‘ಸರ್, ನಡೆದದ್ದನ್ನು ನಾನೇ ಬರೆದು ತಂದಿದ್ದೇನೆ, ಇದನ್ನು ಫೈಲಿಗೆ ಸೇರಿಸಿ ಒಂದು ಸ್ವೀಕೃತಿ ಕೊಡಿ’ ಎಂದರೆ ಸಾಕು. ಸೀಲು ಹಾಕಿಕೊಡದಿದ್ದರೆ ಅದೇ ದಿನ ಠಾಣಾಧಿಕಾರಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಸವಾರನ ಮೇಲೆ ಪ್ರತಿದೂರು ಕೊಡುವುದಾದರೂ ಇದೇ ದಾರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಬಿಎನ್‌ಎಸ್‌ಎಸ್ 173(4)ರಂತೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ.

ಇನ್ನು ಮಹಜರು. ನಿಮ್ಮ ಕೇಸಿನ ಜೀವ ಇಲ್ಲಿದೆ. ನಕ್ಷೆಯಲ್ಲಿ ರಸ್ತೆಯ ಅಗಲ, ಡಿಕ್ಕಿಯಾದ ಜಾಗ, ಅದು ಯಾವ ಅಂಚಿನಿಂದ ಎಷ್ಟು ದೂರ ಎಂದು ಅಳತೆ ಇರಬೇಕು. ರಸ್ತೆ 9 ಮೀಟರ್ ಅಗಲ, ಡಿಕ್ಕಿಯಾದ ಜಾಗ ನೀವು ಹೋಗುತ್ತಿದ್ದ ಎಡ ಅಂಚಿನಿಂದ 2.5 ಮೀಟರ್ ಎಂದಿದ್ದರೆ ನೀವು ನಿಮ್ಮ ಅರ್ಧದೊಳಗೇ ಇದ್ದಿರಿ ಎಂದಾಯಿತು. ‘ರಸ್ತೆಯ ಮಧ್ಯಭಾಗದಲ್ಲಿ’ ಎಂದಷ್ಟೇ ಬರೆದುಬಿಟ್ಟರೆ ಆ ಅನುಕೂಲವೆಲ್ಲ ಹೋಯಿತು. ಅಡ್ಡರಸ್ತೆಯಲ್ಲಿ ಹಂಪ್ ಅಥವಾ ನಿಲ್ಲುವ ಗೆರೆ ಇದ್ದರೆ ಅದೂ ನಕ್ಷೆಗೆ ಬರಬೇಕು. ಗಾಜಿನ ಚೂರು, ಸೋರಿದ ಆಯಿಲ್, ಬ್ರೇಕಿನ ಗುರುತು, ಇವು ಡಿಕ್ಕಿಯ ಜಾಗವನ್ನು ತೋರಿಸುತ್ತವೆ. ಗಾಡಿಗಳು ಕೊನೆಗೆ ಹೋಗಿ ನಿಂತ ಜಾಗ ಬೇರೆಯೇ ಇರಬಹುದು, ಎರಡನ್ನೂ ಒಂದೇ ಎಂದು ಬರೆಯುವುದು ಸಾಮಾನ್ಯ ತಪ್ಪು. ನಿಮ್ಮಲ್ಲಿ ಫೋಟೋ ಇದ್ದರೆ ಮುದ್ರಿಸಿ, ಅಳತೆ ಬರೆದು, ತನಿಖಾಧಿಕಾರಿಗೆ ಕೊಡಿ.

ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರು ನೋಡುವವರೆಗೆ ತೊಳೆಯಬೇಡಿ, ಡೆಂಟ್ ತೆಗೆಸಬೇಡಿ. ಬೈಕು ಬಂದು ಗುದ್ದಿದ್ದರೆ ಬಾಗಿಲಲ್ಲಿ ಒಂದೇ ಕಡೆ ಆಳವಾದ ತಗ್ಗು ಇರುತ್ತದೆ, ಕಾರು ಚಲಿಸುತ್ತಿದ್ದುದರಿಂದ ಅಲ್ಲಿಂದ ಹಿಂಬಾಗಿಲಿನ ಕಡೆಗೆ ಗೀರು ಎಳೆದಿರುತ್ತದೆ, ಬೈಕಿನ ಮುಂದಿನ ಫೋರ್ಕು ಹಿಂದಕ್ಕೆ ಬಗ್ಗಿರುತ್ತದೆ. ಕಾರೇ ಗುದ್ದಿದ್ದರೆ ನಿಮ್ಮ ಬಂಪರ್, ನಂಬರ್ ಪ್ಲೇಟು, ಬಾನೆಟ್ಟಿನ ಅಂಚು ಏಟು ತಿಂದಿರುತ್ತವೆ, ಬೈಕಿನ ಪಕ್ಕ ಜಜ್ಜಿರುತ್ತದೆ. ಬಾಯಿಮಾತಿಗಿಂತ ಗಟ್ಟಿಯಾದ ಸಾಕ್ಷಿ ಇದು. ಎರಡೂ ಗಾಡಿಯ ಫೋಟೋ ದೂರದಿಂದ ಒಂದು, ಹತ್ತಿರದಿಂದ ಒಂದು, ಪಕ್ಕದಲ್ಲಿ ಟೇಪು ಹಿಡಿದು ಒಂದು ತೆಗೆಸಿ. ನಿರೀಕ್ಷಣೆ ಮುಗಿದ ಮೇಲೆ ಗಾಡಿಯನ್ನು ವಿನಾಕಾರಣ ಹಿಡಿದಿಡುವಂತಿಲ್ಲ, ವಿಧಿವಿಧಾನ ಮುಗಿಸಿ 24 ಗಂಟೆಯೊಳಗೆ ಮರಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ ಕಲಂ 136 ಹೇಳುತ್ತದೆ. ಬಿಡದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮಧ್ಯಂತರ ಸುಪರ್ದಿಗೆ, ಅಂದರೆ ಕೇಸು ಮುಗಿಯುವವರೆಗೆ ಗಾಡಿಯನ್ನು ನಿಮ್ಮ ವಶಕ್ಕೆ ಕೊಡಲು, ಅರ್ಜಿ ಹಾಕಿ.

ಕ್ಯಾಮೆರಾ ವಿಷಯದಲ್ಲಿ ಒಂದು ದಿನವೂ ತಡ ಮಾಡಬೇಡಿ. ಅಂಗಡಿ, ಮನೆಗಳ ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತಲೇ ಇರುತ್ತದೆ. ಯಾವ ಕ್ಯಾಮೆರಾ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯ ದೃಶ್ಯ ಬೇಕು ಎಂದು ತನಿಖಾಧಿಕಾರಿಗೆ ಬರೆದುಕೊಡಿ. ನಿಮ್ಮ ಡ್ಯಾಶ್‌ಕ್ಯಾಮ್ ಇದ್ದರೆ ಮೆಮೊರಿ ಕಾರ್ಡನ್ನೇ ತೆಗೆದಿಟ್ಟು ಹೊಸ ಕಾರ್ಡ್ ಹಾಕಿ. ಪೊಲೀಸರಿಗೆ ಕಾರ್ಡ್ ಕೊಡುವ ಮುನ್ನ ಒಂದು ಪ್ರತಿ ಮಾಡಿಕೊಳ್ಳಿ. ಕೋರ್ಟಿನಲ್ಲಿ ಅದನ್ನು ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ, ಹ್ಯಾಶ್ ಸಂಖ್ಯೆ (ಫೈಲು ಬದಲಾಗಿಲ್ಲವೆಂದು ತೋರಿಸುವ ಗುರುತು) ಸಮೇತ ಬೇಕಾಗುತ್ತದೆ. ವಾಟ್ಸಾಪಿನಲ್ಲಿ ಬಂದ ತುಣುಕನ್ನು ಮಾತ್ರ ನಂಬಿ ಕೂರಬೇಡಿ.

ಎಂಎಲ್‌ಸಿ ಎಂದರೆ ಗಾಯಾಳುವನ್ನು ಸೇರಿಸುವಾಗ ಆಸ್ಪತ್ರೆಯಲ್ಲಿ ಬರೆಯುವ ಸಾಲು: ಯಾರು ಕರೆತಂದರು, ಗಾಯ ಹೇಗಾಯಿತೆಂದು ಹೇಳಿದರು. ಅಲ್ಲಿ ‘ಬೈಕಿನಿಂದ ಬಿದ್ದು’ ಎಂದಿದ್ದು, ದೂರಿನಲ್ಲಿ ‘ಕಾರು ಡಿಕ್ಕಿ ಹೊಡೆದು’ ಎಂದಿದ್ದರೆ ಅದು ನಿಮ್ಮ ವಕೀಲರಿಗೆ ಬೇಕಾದ ಅಂಶ. ಅವತ್ತು ನೀವು ಕುಡಿದಿರಲಿಲ್ಲ, ಆದರೆ ಪರೀಕ್ಷೆ ನಡೆದಿರಲಿಲ್ಲ ಎಂದಾದರೆ ಈಗ ಮಾಡುವಂಥದ್ದೇನಿಲ್ಲ. ಇದನ್ನು ಓದುವ ಬೇರೆಯವರಿಗೆ ಹೇಳುತ್ತೇನೆ, ಸ್ಥಳದಲ್ಲೇ ಉಸಿರು ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ.

ಸ್ಕೂಟರಿನಲ್ಲಿ ಬಂದವರಿಗೆ ಇದನ್ನು ತಲುಪಿಸಿ. ಗಾಯಾಳುವಿಗೆ ನೆರವಾದವರನ್ನು ಮೋಟಾರು ವಾಹನ ಕಾಯ್ದೆಯ ಕಲಂ 134ಎ ಕಾಪಾಡುತ್ತದೆ. ಅವರು ಹೆಸರು, ವಿಳಾಸ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಸ್ವಇಚ್ಛೆಯಿಂದ ಸಾಕ್ಷಿಯಾದರೆ 2020ರ ನಿಯಮಗಳಂತೆ ಅವರಿಗೆ ಅನುಕೂಲವಾದ ಹೊತ್ತು, ಜಾಗದಲ್ಲಿ ಹೇಳಿಕೆ ಪಡೆಯಬೇಕು, ಠಾಣೆಗೇ ಬಂದರೆ ಒಂದೇ ಸಲದಲ್ಲಿ ಮುಗಿಸಬೇಕು. ಬರೀ ನೋಡಿದವರನ್ನು ಪೊಲೀಸರು ಬಿಎನ್‌ಎಸ್‌ಎಸ್ 179ರಡಿ ಕರೆಯಬಹುದು, ಆದರೆ ಮಹಿಳೆಯರನ್ನು ಮತ್ತು 60 ದಾಟಿದವರನ್ನು ಅವರ ಮನೆಯಲ್ಲೇ ವಿಚಾರಿಸಬೇಕು. ಹೇಳಿಕೆಯಲ್ಲಿ ಕಂಡದ್ದಷ್ಟೇ ಇರಲಿ. ‘ಕಾರು ನಿಧಾನಕ್ಕೆ ಹೋಗುತ್ತಿತ್ತು’ ಎಂಬ ಮಾತು ಪಾಟೀಸವಾಲಿನಲ್ಲಿ ಒಂದು ನಿಮಿಷವೂ ನಿಲ್ಲುವುದಿಲ್ಲ. ‘ನನ್ನ ಮೀಟರು 35 ತೋರಿಸುತ್ತಿತ್ತು, ಕಾರಿಗೂ ನನಗೂ ನಡುವಿನ ಅಂತರ ಹೆಚ್ಚಾಗುತ್ತಿರಲಿಲ್ಲ, ಬೈಕು ಅಡ್ಡರಸ್ತೆಯ ಗೆರೆಯಲ್ಲಿ ನಿಲ್ಲಲಿಲ್ಲ’ ಎಂದರೆ ನಿಲ್ಲುತ್ತದೆ. ಇವತ್ತೇ ತಾರೀಖು ಹಾಕಿ ಬರೆದಿಟ್ಟುಕೊಳ್ಳಲು ಹೇಳಿ, ನೆನಪು ಬೇಗ ಬಣ್ಣ ಬದಲಿಸುತ್ತದೆ. ಅವರಿಗೆ ನೀವು ಮಾತು ಹೇಳಿಕೊಡಬೇಡಿ, ದುಡ್ಡಂತೂ ಕೊಡಲೇಬೇಡಿ.

ವಿಮಾ ಕಂಪನಿಗೆ ಇವತ್ತೇ ಲಿಖಿತವಾಗಿ ತಿಳಿಸಿ: ಪಾಲಿಸಿ ಸಂಖ್ಯೆ, ದಿನ, ಸಮಯ, ಸ್ಥಳ, ಗಾಯಾಳುವಿನ ವಿವರ, ಚಾಲಕನ ಹೆಸರು, ಲೈಸೆನ್ಸ್. ತಡವಾಗಿದ್ದರೆ ಕಾರಣ ಬರೆಯಿರಿ. ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬೇಡಿ ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2011ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ಕ್ಲೇಮ್ ಫಾರಮ್ಮಿನಲ್ಲಿ ‘ಅಪಘಾತ ಹೇಗಾಯಿತು’ ಎಂಬ ಕಾಲಂನಲ್ಲಿ ಠಾಣೆಗೆ ಕೊಟ್ಟ ಪತ್ರದ ಸಾಲುಗಳನ್ನೇ ಇಳಿಸಿ. ಗ್ಯಾರೇಜಿನವರು ಅಭ್ಯಾಸದ ಮೇಲೆ ತಾವೇ ತುಂಬಿ ‘ಗೋಡೆಗೆ ತಾಗಿತು’ ಎಂದು ಬರೆದುಬಿಡುವುದುಂಟು. ಎಫ್‌ಐಆರ್‌ನಲ್ಲಿ ಬೈಕು, ಫಾರಮ್ಮಿನಲ್ಲಿ ಗೋಡೆ ಇದ್ದರೆ ಹಾನಿ ಅಳೆಯಲು ಬರುವ ಸರ್ವೇಯರ್ ಅಲ್ಲಿಗೇ ನಿಲ್ಲಿಸುತ್ತಾರೆ. ಫಾರಂ ನೀವೇ ತುಂಬಿ, ಸಹಿಗೆ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಸರ್ವೇಯರ್ ನೋಡುವವರೆಗೆ ರಿಪೇರಿ ಶುರುವಾಗಬಾರದು. ಬಂಪರಿನಂಥ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಜೀರೋ ಡೆಪ್ (ಸವಕಳಿ ಕಡಿತವಿಲ್ಲದ ಹೆಚ್ಚುವರಿ ಕವರ್) ಇಲ್ಲದಿದ್ದರೆ ಶೇ. 50 ಕಡಿತವಾಗುತ್ತದೆ, ಗಾಜಿಗೆ ಕಡಿತವಿಲ್ಲ.

ಸವಾರನ ಮನೆಯವರು ರಾಜಿಗೆ ಕರೆಯಬಹುದು, ಮಧ್ಯೆ ನಿಂತವರು ಇಷ್ಟು ಕೊಟ್ಟು ಮುಗಿಸಿ ಎನ್ನಬಹುದು. ಕಾಲು ಮುರಿದವರ ಕಷ್ಟ ನಿಜ, ಆಸ್ಪತ್ರೆಗೆ ಹೋಗಿ ವಿಚಾರಿಸಿಕೊಂಡು ಬರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳುವುದು, ಹಣ ಕೊಡುತ್ತೇನೆಂದು ಮಾತು ಕೊಡುವುದು ಪಾಲಿಸಿಯ ಷರತ್ತಿಗೆ ವಿರುದ್ಧ. ‘ತಪ್ಪು ನನ್ನದು’ ಎಂದು ಬರೆದ ಬಿಳಿ ಹಾಳೆ ನಾಳೆ ಅಪಘಾತ ಪರಿಹಾರ ತೀರ್ಮಾನಿಸುವ ಟ್ರಿಬ್ಯೂನಲ್ಲಿಗೆ ಹೋಗುತ್ತದೆ, ಹಣ ತೆಗೆದುಕೊಂಡ ಮೇಲೂ ಕ್ಲೇಮ್ ಅರ್ಜಿ ಬರುತ್ತದೆ.

ಆರೋಪಪಟ್ಟಿ ಸಲ್ಲಿಕೆಯಾದ ಮೇಲೆ ‘ಫೈನ್ ಕಟ್ಟಿ ಕೈತೊಳೆದುಕೊಳ್ಳಿ’ ಎಂಬ ಸಲಹೆ ಕೋರ್ಟಿನ ಆವರಣದಲ್ಲೇ ಸಿಗುತ್ತದೆ. ನಿಮಗೆ ಅದು ಕೆಟ್ಟ ಸಲಹೆ. ತಪ್ಪೊಪ್ಪಿಕೊಂಡು ದಂಡ ಕಟ್ಟುವುದೂ ಶಿಕ್ಷೆಯೇ, ನೌಕರಿಯ ಪೊಲೀಸ್ ವೆರಿಫಿಕೇಶನ್ನಿನಲ್ಲಿ ಕಾಣುತ್ತದೆ. ಆ ಆದೇಶದ ಪ್ರತಿ ಪರಿಹಾರದ ಕೇಸಿನಲ್ಲಿ ನಿಮ್ಮ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗಿ ಕೂರುತ್ತದೆ, ಸವಾರನ ಪಾಲಿನ ತಪ್ಪು ಶೇಕಡಾ ಇಷ್ಟು ಎಂದು ತೋರಿಸುವ ಅವಕಾಶವೂ ಕುಗ್ಗುತ್ತದೆ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಪೊಲೀಸರು 48 ಗಂಟೆಯಲ್ಲಿ ಮೊದಲ ವರದಿಯನ್ನೂ 90 ದಿನದಲ್ಲಿ ವಿವರವಾದ ವರದಿಯನ್ನೂ ಟ್ರಿಬ್ಯೂನಲ್ಲಿಗೆ ಕೊಡಬೇಕು. ಚಾಲಕ ತುಂಬಬೇಕಾದ್ದು ಫಾರಂ 3, ಮಾಲೀಕರದ್ದು ಫಾರಂ 4, ಎರಡಕ್ಕೂ 30 ದಿನ. ಅಲ್ಲೂ ಅದೇ ಸಾಲುಗಳನ್ನೇ ಬರೆಯಿರಿ. ಟ್ರಿಬ್ಯೂನಲ್ ಸಮನ್ಸ್ ಬಂದ ದಿನವೇ ಅದರ ಪ್ರತಿ, ಡಿಎಲ್, ಆರ್‌ಸಿ, ಪಾಲಿಸಿ ಕಂಪನಿಗೆ ಮುಟ್ಟಿಸಿ ಸ್ವೀಕೃತಿ ಪಡೆಯಿರಿ. ಕಂಪನಿಯ ವಕೀಲರು ಇದ್ದಾರಲ್ಲ ಎಂದು ಮನೆಯಲ್ಲಿ ಕೂರಬೇಡಿ. ನಿಮ್ಮ ಲೈಸೆನ್ಸ್ ದಾಖಲೆಗೆ ಬರದಿದ್ದರೆ, ಗಾಯಾಳುವಿಗೆ ಕಂಪನಿ ಕಟ್ಟಿ ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂಬ ಆದೇಶ ಬರುವ ಸಾಧ್ಯತೆ ಇದೆ.