ಪ್ರತಿಮೆಯ ಪೀಠದಲ್ಲಿ ಶಿಲ್ಪಿಯ ಹೆಸರೆಲ್ಲಿ?

ಪ್ರಶ್ನೆ: ನಮ್ಮ ಮೈಸೂರಿನ ವೃತ್ತಗಳಲ್ಲಿ, ಉದ್ಯಾನಗಳಲ್ಲಿ ಅನೇಕ ಪ್ರತಿಮೆಗಳಿವೆ. ಹೀಗೆ ಸಾರ್ವಜನಿಕ ಸ್ಥಳಗಳಲ್ಲಿರುವ ಶಿಲ್ಪಗಳನ್ನು ಮಹಿಳೆಯರೂ ಮಾಡಿದ್ದುಂಟೇ? ಪಿಯುಸಿ ಓದುತ್ತಿರುವ ಮಗಳು ಶಿಲ್ಪಕಲೆ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ಅದು ಹೆಣ್ಣುಮಕ್ಕಳ ಕೈಗೆ ಒಗ್ಗುವ ಕೆಲಸವಲ್ಲ ಎಂಬುದು ಮನೆಯ ಹಿರಿಯರ ಮಾತು.
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಖಂಡಿತ ಉಂಟು. ಹಿರಿಯರಿಗೆ ಹೇಳಬಹುದಾದ ಹೆಸರು ನಿಮ್ಮ ಜಿಲ್ಲೆಯದೇ ಆಗಿದೆ. 1942ರಲ್ಲಿ ತಿ. ನರಸೀಪುರದಲ್ಲಿ ಜನಿಸಿದ ಕನಕಾ ಮೂರ್ತಿಯವರು ಬೆಂಗಳೂರಿನ ಕಲಾಮಂದಿರದಲ್ಲಿ ಕಲಾಭ್ಯಾಸ ಮಾಡಿ, ದೇವಲಕುಂದ ವಾದಿರಾಜರ ಶಿಷ್ಯೆಯಾಗಿ ಸಾಂಪ್ರದಾಯಿಕ ಶಿಲ್ಪವನ್ನು ಕಲಿತು, 2021ರ ಮೇ ತಿಂಗಳಲ್ಲಿ ಕೊರೊನಾದಿಂದ ತೀರಿಕೊಳ್ಳುವವರೆಗೂ ಅದನ್ನೇ ಬದುಕಾಗಿಸಿಕೊಂಡಿದ್ದರು. ಬೆಂಗಳೂರಿನ ಲಾಲ್‌ಬಾಗ್ ಪಶ್ಚಿಮ ದ್ವಾರದ ಬಳಿಯ ಕುವೆಂಪು ಪ್ರತಿಮೆಯೂ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ರೈಟ್ ಸಹೋದರರ ಶಿಲ್ಪವೂ ಅವರ ಕೃತಿಗಳು. ದೇವತಾಮೂರ್ತಿಗಳ ಜೊತೆಗೆ ಹಿಂದೂಸ್ತಾನಿ ಮತ್ತು ಕರ್ನಾಟಕ ಸಂಗೀತದ ದಿಗ್ಗಜರ ಭಾವಶಿಲ್ಪಗಳನ್ನೂ ಅವರು ರೂಪಿಸಿದರು. ರಾಜ್ಯ ಸರ್ಕಾರದ ಜಕಣಾಚಾರಿ ಪ್ರಶಸ್ತಿ ಅವರಿಗೆ ಸಂದಿತು.

ಇಷ್ಟಾದರೂ ಅವರ ಹೆಸರು ಮನೆಮಾತಾಗಲಿಲ್ಲ. ನಮ್ಮ ಊರುಗಳಲ್ಲಿ ಪ್ರತಿಮೆಯ ಫಲಕದ ಮೇಲೆ ಅನಾವರಣ ಮಾಡಿದವರ, ಅಧ್ಯಕ್ಷತೆ ವಹಿಸಿದವರ ಹೆಸರುಗಳು ದೊಡ್ಡ ಅಕ್ಷರಗಳಲ್ಲಿರುತ್ತವೆ. ಕೆತ್ತಿದವರ ಹೆಸರು ಬಹುಪಾಲು ಇರುವುದೇ ಇಲ್ಲ. ಇದು ಎಲ್ಲ ಶಿಲ್ಪಿಗಳಿಗೂ ಆಗುವ ಅನ್ಯಾಯವೇ. ಆದರೆ ಕೆತ್ತಿದವರು ಗಂಡಸರೇ ಇರಬೇಕೆಂದು ನೋಡುವವರು ಮೊದಲೇ ತೀರ್ಮಾನಿಸಿರುವುದರಿಂದ ಮಹಿಳೆಯರ ಪಾಲಿಗೆ ನಷ್ಟ ಹೆಚ್ಚು. ಅದೇ ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಮಗಳನ್ನು ಕರೆದುಕೊಂಡು ಹೋಗಿ, ಕೇಶವ ದೇವಾಲಯದ ಹೊರಗೋಡೆಯ ವಿಗ್ರಹಗಳ ಪಾದಪೀಠವನ್ನು ಬಗ್ಗಿ ನೋಡಿ. 13ನೇ ಶತಮಾನದ ಶಿಲ್ಪಿ ಮಲ್ಲಿತಮ್ಮನ ಹೆಸರು ಕನ್ನಡ ಅಕ್ಷರಗಳಲ್ಲಿ ಅಲ್ಲಿ ಕೆತ್ತಿದೆ. ಕೆಲವೆಡೆ ಬರೀ ‘ಮ’ ಎಂದಿದೆ. ಹೊಯ್ಸಳರ ಕಾಲದಲ್ಲಿ ಸಾಧ್ಯವಾದ ಈ ಮರ್ಯಾದೆಯನ್ನು ಇಂದಿನ ನಗರಪಾಲಿಕೆಗಳು ತೋರಿಸಲಾರವೇ? ಪ್ರತಿ ಪ್ರತಿಮೆಯ ಪೀಠದಲ್ಲೂ ಶಿಲ್ಪಿಯ ಹೆಸರಿರಬೇಕೆಂದು ಓದುಗರು ಲಿಖಿತವಾಗಿ ಕೇಳಬೇಕೆಂಬುದು ನನ್ನ ಆಗ್ರಹ.

ಇನ್ನು ಮಗಳ ವಿಚಾರ. ಹೊಯ್ಸಳ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಮೃದುವಾದದ್ದು. ಅಲ್ಲಿ ತೋಳ್ಬಲಕ್ಕಿಂತ ಅಳತೆಯ ಅರಿವು, ಉಳಿಯ ಮೇಲಿನ ಹಿಡಿತ ಮುಖ್ಯ. ಮೈಸೂರಿನಲ್ಲೇ ಇರುವ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಅಂದರೆ ಎಲ್ಲರೂ ಕರೆಯುವ ‘ಕಾವಾ’ದಲ್ಲಿ, ಶಿಲ್ಪಕಲೆಯನ್ನು ಪದವಿ ಮಟ್ಟದಲ್ಲಿ ಕಲಿಸುತ್ತಾರೆ. ಅರ್ಜಿ ಹಾಕುವ ಮೊದಲು ಒಮ್ಮೆ ಅಲ್ಲಿನ ಶಿಲ್ಪ ವಿಭಾಗವನ್ನು ಅವಳು ಕಣ್ಣಾರೆ ನೋಡಿ ಬರಲಿ; ಸಾಧ್ಯವಾದರೆ ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ.