ರಾತ್ರಿ ಫ್ರಾಸ್ಟ್ ಬಿದ್ದರೆ ಸಸಿಗಳ ಮೇಲೆ ಬೆಡ್‌ಶೀಟ್ ಹೊದಿಸಿದರೆ ಸಾಕಾ?

ನ್ಯೂಜೆರ್ಸಿಯಲ್ಲಿ ಏಪ್ರಿಲ್ ಕೊನೆಗೇ ಟೊಮೆಟೊ, ಬದನೆ, ಮೆಣಸಿನ ಸಸಿ ನೆಟ್ಟಿದ್ದೀರಿ, ಈಗ ರಾತ್ರಿ ಚಳಿಗೆ ಫ್ರಾಸ್ಟ್, ಅಂದರೆ ಎಲೆಗಳ ಮೇಲೆ ಹಿಮದ ಹರಳು, ಬಿದ್ದರೆ ಏನು ಮಾಡೋದು ಅಂತ ಕೇಳಿದ್ದೀರಿ. ಸಾಕು, ಆದರೆ ಬಟ್ಟೆ ನಾಲ್ಕೂ ಕಡೆ ನೆಲ ಮುಟ್ಟಬೇಕು.

ಹೊದಿಕೆ ನಮ್ಮ ಕಂಬಳಿಯ ಹಾಗೆ ಕೆಲಸ ಮಾಡುವುದಿಲ್ಲ. ಗಿಡಕ್ಕೆ ನಮ್ಮಂತೆ ಮೈಶಾಖ ಎಲ್ಲಿದೆ? ಹಗಲಿನ ಬಿಸಿಲಿಗೆ ಕಾದ ಮಣ್ಣು ರಾತ್ರಿ ಶಾಖ ಬಿಡುತ್ತಾ ಹೋಗುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಅದು ನೇರ ಆಕಾಶಕ್ಕೆ ಹೋಗಿಬಿಡುತ್ತದೆ, ಎಲೆಗಳು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಬಟ್ಟೆ ಆ ಶಾಖವನ್ನು ತಡೆದು ಗಿಡದ ಸುತ್ತ ಉಳಿಸುತ್ತದೆ. ಕಾಂಡಕ್ಕೆ ಬಿಗಿಯಾಗಿ ಸುತ್ತಿ ಕಟ್ಟಿದರೆ ಮಣ್ಣಿನ ಶಾಖ ಹೊರಗೇ ಉಳಿಯುತ್ತದೆ, ಸುಮ್ನೆ ಶ್ರಮ.

ಮಧ್ಯಾಹ್ನ ಮಣ್ಣಿಗೆ ನೀರು ಹಾಕಿ. ಒದ್ದೆ ಮಣ್ಣು ಜಾಸ್ತಿ ಶಾಖ ಹಿಡಿದಿಡುತ್ತದೆ. ಸಂಜೆ ಬಿಸಿಲು ಇಳಿಯುವ ಮೊದಲೇ ಹೊದಿಸಿ. ಕೋಲು ನೆಟ್ಟು ಬಟ್ಟೆಯನ್ನು ಎಲೆಗೆ ತಾಗದಂತೆ ಎತ್ತಿಡಿ. ಪ್ಲಾಸ್ಟಿಕ್ ಆದರಂತೂ ತಾಗಲೇಬಾರದು, ತಾಗಿದ ಎಲೆಯೇ ಮೊದಲು ಸುಟ್ಟಂತಾಗುತ್ತದೆ. ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ತೆಗೆಯಿರಿ.

ಹವಾಮಾನ ವರದಿಯಲ್ಲಿ 2 ಡಿಗ್ರಿ ಸೆಲ್ಸಿಯಸ್ ಅಂದರೂ ಹೊದಿಸಿ. ಆ ಅಳತೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿನದು, ಸಸಿ ಇರುವ ಕಡೆ ಅದಕ್ಕಿಂತ ತಣ್ಣಗಿರಬಹುದು. ಬಟಾಣಿ, ಪಾಲಕ್, ಎಲೆಕೋಸಿಗೆ ಇಷ್ಟೆಲ್ಲ ಉಪಚಾರ ಬೇಡ, ಹಗುರ ಫ್ರಾಸ್ಟ್ ಅವು ತಡೆದುಕೊಳ್ಳುತ್ತವೆ. ಕುಂಡದಲ್ಲಿರುವ ಸಸಿಯಾದರೆ ಒಳಗೆ ತಂದಿಡಿ, ಅಷ್ಟೇ.