23 ಪ್ಯಾಟರ್ನ್ ಬಾಯಿಪಾಠ, ಕೋಡ್ ಮಾತ್ರ ಗೋಜಲು

ಪ್ರಶ್ನೆ: ನಾಲ್ಕು ವರ್ಷದಿಂದ ಪ್ರೋಗ್ರಾಮರ್ ಆಗಿದ್ದೇನೆ. ಬಡ್ತಿ ಬೇಕಾದರೆ ಆರ್ಕಿಟೆಕ್ಚರ್ ಗೊತ್ತಿರಬೇಕು ಅಂತಾರೆ. 23 ಡಿಸೈನ್ ಪ್ಯಾಟರ್ನ್‌ಗಳನ್ನೂ ಓದಿದ್ದೇನೆ. ಆದರೆ ಬರೆಯಲು ಕೂತರೆ ಯಾವುದನ್ನು ಎಲ್ಲಿ ಹಾಕಬೇಕೋ ತಿಳಿಯದು. ಇನ್ನೂ ಏನು ಓದಲಿ?

ಉತ್ತರ: ಸದ್ಯಕ್ಕೆ ಏನೂ ಓದಬೇಡಿ. ಆ 23 ಬಂದದ್ದು 1994ರ ಒಂದು ಪುಸ್ತಕದಿಂದ. ಆಗಲೇ ಓಡುತ್ತಿದ್ದ ಪ್ರೋಗ್ರಾಂಗಳಲ್ಲಿ ಮತ್ತೆ ಮತ್ತೆ ಕಂಡ ಉಪಾಯಗಳಿಗೆ ಅದರ ನಾಲ್ವರು ಲೇಖಕರು ಹೆಸರಿಟ್ಟರು, ಅಷ್ಟೇ. ನೀವು ಹೆಸರು ಹಿಡಿದುಕೊಂಡು ಜಾಗ ಹುಡುಕುತ್ತಿದ್ದೀರಿ. ನಾನೂ ಅದನ್ನೇ ಮಾಡಿದವನು! ಒಂದು ಇಫ್ ಷರತ್ತು ಸಾಕಾಗುವ ಕಡೆ ಸ್ಟ್ರಾಟಜಿ ಅನ್ನುವ ಪ್ಯಾಟರ್ನ್ ತುರುಕಿ ಐದು ಕ್ಲಾಸ್ ಮಾಡಿದ್ದೆ, ಆರು ತಿಂಗಳು ಬಿಟ್ಟು ನೋಡಿದರೆ ನನಗೇ ತಲೆಬುಡ ತಿಳಿಯಲಿಲ್ಲ.

ಕೋಡ್ ಮುಂದೆ ಕೂತಾಗ ಒಂದೇ ಮಾತು ಕೇಳಿಕೊಳ್ಳಿ: ಇಲ್ಲಿ ನಾಳೆ ಏನು ಬದಲಾಗಬಹುದು? 1972ರಲ್ಲಿ ಡೇವಿಡ್ ಪಾರ್ನಾಸ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದೇ ಸಣ್ಣ ಪ್ರೋಗ್ರಾಂ ಅನ್ನು ಎರಡು ರೀತಿ ಒಡೆದು ತೋರಿಸಿದರು. ಮೊದಲು ಓದು, ಆಮೇಲೆ ಜೋಡಿಸು, ಕೊನೆಗೆ ಮುದ್ರಿಸು ಅಂತ ಹಂತಗಳ ಪ್ರಕಾರ ಒಡೆದರೆ, ಡೇಟಾ ಇಡುವ ರೀತಿ ಬದಲಾದ ದಿನ ಎಲ್ಲ ಮಾಡ್ಯೂಲ್‌ಗಳಿಗೂ, ಅಂದರೆ ಪ್ರೋಗ್ರಾಂನ ಎಲ್ಲ ತುಂಡುಗಳಿಗೂ, ಕೈ ಹಾಕಬೇಕು. ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಮಾಡ್ಯೂಲ್ ಒಳಗೆ ಬಚ್ಚಿಟ್ಟರೆ ಒಂದನ್ನು ಮುಟ್ಟಿದರೆ ಆಯಿತು. ಆಬ್ಜೆಕ್ಟ್ ಓರಿಯೆಂಟೆಡ್ ವಿನ್ಯಾಸ ಅನ್ನುವುದರಲ್ಲಿ ಮುಕ್ಕಾಲು ಪಾಲು ಇದೇ.

ಇನ್‌ಹೆರಿಟೆನ್ಸ್‌ಗೆ, ಅಂದರೆ ಒಂದು ಕ್ಲಾಸ್ ಇನ್ನೊಂದರ ಕೆಲಸಗಳನ್ನೆಲ್ಲ ಹಾಗೇ ಪಡೆಯುವುದಕ್ಕೆ, ಬೇಗ ಮರುಳಾಗಬೇಡಿ. ಜಾವಾದ ಸ್ಟ್ಯಾಕ್ ನೋಡಿ. ಮೇಲಿಟ್ಟದ್ದನ್ನು ಮೇಲಿಂದಲೇ ತೆಗೆಯಬೇಕು ಅಲ್ವಾ? ಆದರೆ ಅದು ವೆಕ್ಟರ್ ಎಂಬ ಪಟ್ಟಿಯ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿದೆ, ಅಂದರೆ ಅದರಿಂದ ಇನ್‌ಹೆರಿಟ್ ಆಗಿದೆ, ಹಾಗಾಗಿ ಯಾರು ಬೇಕಾದರೂ ನಡುವೆ ಒಂದು ವಸ್ತು ತೂರಿಸಬಹುದು, ಕಂಪೈಲರ್ ಸುಮ್ನೆ ಒಪ್ಪಿಕೊಳ್ಳುತ್ತದೆ. ವೆಕ್ಟರ್ ಅನ್ನು ಒಳಗೆ ಇಟ್ಟುಕೊಂಡು ಇಡುವ ಪುಶ್, ತೆಗೆಯುವ ಪಾಪ್ ಮಾತ್ರ ಹೊರಗೆ ತೋರಿಸಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಈಗ ಜಾವಾದ ದಾಖಲೆಯೇ ಸ್ಟ್ಯಾಕ್ ಬದಲು ಡೆಕ್ (Deque) ಬಳಸಿ ಅನ್ನುತ್ತದೆ.

ಅಭ್ಯಾಸಕ್ಕೆ ನೀವೇ ಬರೆದ ಹಳೆಯ ಪ್ರೋಗ್ರಾಂ ತೆಗೆಯಿರಿ. ಇಮೇಲ್ ಕಳಿಸುತ್ತಿದ್ದರೆ ಎಸ್ಸೆಮ್ಮೆಸ್ ಸೇರಿಸಿ, ಫೈಲ್‌ನಲ್ಲಿ ಉಳಿಸುತ್ತಿದ್ದರೆ ಡೇಟಾಬೇಸ್‌ಗೆ ಬದಲಿಸಿ. ಎಷ್ಟು ಫೈಲ್ ಮುಟ್ಟಬೇಕಾಯಿತು ಎಣಿಸಿ, ಕೋಡ್ ತಿದ್ದಿ, ಇನ್ನೊಮ್ಮೆ ಎಣಿಸಿ. ಕೆಲಸದ ಪ್ರಾಜೆಕ್ಟ್‌ನಲ್ಲಾದರೆ ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇತಿಹಾಸ ತೆರೆದು, ಯಾವ ಫೈಲ್‌ಗಳು ಯಾವಾಗಲೂ ಜೊತೆಜೊತೆಗೇ ಬದಲಾಗುತ್ತವೆ ನೋಡಿ. ಬಚ್ಚಿಡಬೇಕಾದ ತೀರ್ಮಾನವೊಂದು ಅಲ್ಲೇ ಸೋರುತ್ತಿರುತ್ತದೆ. ವಿನ್ಯಾಸ ಬಿಡಿಸಿ ತೋರಿಸುವ ಯುಎಂಎಲ್ ಚಿತ್ರಗಳಿಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ, ಡಬ್ಬಿ ಮತ್ತು ಬಾಣ ಬಂದರೆ ಸಾಕು.